ಡೆಲ್ಮರ್ ದೊಡ್ಡಪ್ಪ ಟ್ರ್ಯಾಕ್ಟರ್ ನೋಡಲು ಹೋದದ್ದು

ನಮ್ಮ ಡೆಲ್ಮರ್ ದೊಡ್ಡಪ್ಪ ಒಂದು ಟ್ರ್ಯಾಕ್ಟರನ್ನು ವಾಸನೆ ಸರಿಯಿಲ್ಲ ಅಂತ ಹೇಳಿ ಬೇಡ ಅಂದರು. ವಾಸನೆ! ಎಂಜಿನ್ ಒಳ್ಳೇ ಗಡಿಯಾರದ ಹಾಗೆ ಓಡುತ್ತಿತ್ತು, ಟಯರುಗಳು ಹೊಸವು, ಬೆಲೆ ಅವರ ಕೈಗೆ ಎಟುಕುವಂಥದ್ದು, ಮಾರುವ ಹೆಂಗಸು ಒಳಗೆ ಹೋಗಿ ನಮಗೆಲ್ಲ ಐಸ್ ಹಾಕಿದ ಟೀ ಬೇರೆ ತಂದಿದ್ದಳು. ದೊಡ್ಡಪ್ಪ ಬಾನೆಟ್ಟಿನ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ನಿಧಾನವಾಗಿ ತಲೆ ಅಲ್ಲಾಡಿಸಿದರು. ಅದಕ್ಕಿಂತ ಸೊಗಸು ಏನೆಂದರೆ, ಆ ಹೆಂಗಸೂ "ಹೌದು ಡೆಲ್ಮರ್, ನಂಗೂ ಹಂಗೇ ಅನ್ಸಿತ್ತು" ಅಂದಳು.

ಅವಳಿಗೆ ಹಾಗೇನೂ ಅನಿಸಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬೇರೆಯೇ, ಮತ್ತು ಅದು ಆ ಬೇಸಿಗೆಯಲ್ಲಿ ಇಡೀ ಕೌಂಟಿಗೆ ಗೊತ್ತಿತ್ತು: ಡೆಲ್ಮರ್ ರಪ್‌ನ ಎಡಗಾಲಿಗೆ ಕ್ಲಚ್ ಒತ್ತುವ ಶಕ್ತಿ ಇಲ್ಲ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದವರು ದೊಡ್ಡಪ್ಪ ಒಬ್ಬರೇ.

ಅವರು ನನ್ನ ಅಮ್ಮನ ಅಕ್ಕ ನೊರೀನ್ ದೊಡ್ಡಮ್ಮನ ಗಂಡ. ಒಹಾಯೋದ ಈ ಮೂಲೆಯಲ್ಲಿ ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ, ರಸ್ತೆಗಳು ಗೆರೆ ಎಳೆದ ಹಾಗೆ ನೇರ, ಆ ರಸ್ತೆಗಳ ಎರಡೂ ಬದಿಗೆ ಚರಂಡಿ, ಚರಂಡಿ ತುಂಬ ಹುಲ್ಲು. ನಿವೃತ್ತರಾಗುವ ತನಕ ದೊಡ್ಡಪ್ಪನಿಗೆ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲಾಡಳಿತದಲ್ಲಿ, ಇದ್ದ ಕೆಲಸ ಟ್ರ್ಯಾಕ್ಟರ್ ಓಡಿಸಿ ಆ ಹುಲ್ಲು ಹೊಡೆಯುವುದು, ಅಷ್ಟೇ. ಮೇ ತಿಂಗಳಲ್ಲಿ ಕೌಂಟಿಯ ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನ ತುದಿಯಲ್ಲಿ ಮತ್ತೆ ಮೊಣಕಾಲುದ್ದ ಎದ್ದಿರುತ್ತಿತ್ತು, ಮತ್ತೆ ಅಲ್ಲಿಂದ. ಬೇರೆ ಯಾರಾದರೂ ಆಗಿದ್ದರೆ ಹುಚ್ಚು ಹಿಡಿಯುತ್ತಿತ್ತು. ಇವರಿಗೆ ಅದರಲ್ಲೇ ಒಂದು ಖುಷಿ. ಯಾರ ಮನೆ ಟಪಾಲು ಪೆಟ್ಟಿಗೆಯ ಕಂಬಕ್ಕೂ ಇವರ ಕೈಯಲ್ಲಿ ಒಂದು ಗೀರು ಬಿದ್ದದ್ದಿಲ್ಲ. ಹುಲ್ಲಿನಲ್ಲಿ ಕಾಡುಕೋಳಿ ಮೊಟ್ಟೆ ಇಟ್ಟಿದ್ದರೆ ಅದರ ಸುತ್ತ ಒಂದು ಜುಟ್ಟು ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದರು. ಮರಿಗಳು ಹೊರಟುಹೋದ ಮೇಲೆ ಬಂದು ಆ ಜುಟ್ಟನ್ನೂ ತೆಗೆಯುತ್ತಿದ್ದರು. ನಾವು ಚಿಕ್ಕವರಿದ್ದಾಗ ಸ್ಕೂಲ್ ಬಸ್ಸಿನಲ್ಲಿ ಕೂತು ಜುಟ್ಟು ಲೆಕ್ಕ ಹಾಕುವುದೇ ಒಂದು ಆಟ.

ಅವರದೇ ಜಾಗ ಅಂದರೆ ಐದು ಎಕರೆ. ಮನೆ, ಹಿಂದೆ ಆರೇಳು ಸೇಬಿನ ಮರ, ಅಲ್ಲಿಂದ ಹಳ್ಳದ ತನಕ ಬರೀ ಹುಲ್ಲು. ಅದನ್ನು ಹೊಡೆಯಲು ಅವರ ಅಪ್ಪನ ಕಾಲದ ಕೆಂಪು ಟ್ರ್ಯಾಕ್ಟರ್ ಇತ್ತು. ಜನವರಿಯಲ್ಲಿ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಹಾಗೆ ದೊಡ್ಡಪ್ಪನಿಗೆ ಸ್ಟ್ರೋಕ್ ಆಯಿತು. ಅವರು ಆಸ್ಪತ್ರೆಯಲ್ಲಿದ್ದ ವಾರವೇ ಆ ವರ್ಷದ ಕೆಟ್ಟ ಚಳಿ ಬಿತ್ತು. ಆ ಹಳೇ ಗಾಡಿಯ ಎಂಜಿನ್ ತಣ್ಣಗಿಡಲು ಅವರು ಹಾಕುತ್ತಿದ್ದದ್ದು ಬರೀ ನೀರು, ಚಳಿ ಬರುವ ಮುಂಚೆ ಬಸಿದು ಇಡುತ್ತಿದ್ದರು. ಆ ಸಲ ಬಸಿದಿರಲಿಲ್ಲ, ಹೇಳೋಣವೆಂದರೆ ನಾಲಿಗೆ ಹೊರಳುತ್ತಿರಲಿಲ್ಲ, ಗಂಡ ಆ ಸ್ಥಿತಿಯಲ್ಲಿದ್ದಾಗ ದೊಡ್ಡಮ್ಮನಿಗೆ ಶೆಡ್ಡಿನ ನೆನಪಾದರೂ ಎಲ್ಲಿಂದ ಬರಬೇಕು. ನೀರು ಮಂಜುಗಡ್ಡೆಯಾಗಿ ಎಂಜಿನ್ನಿನ ಕಬ್ಬಿಣವನ್ನೇ ಸೀಳಿ ಹಾಕಿತು.

ಮಾತು ವಾಪಸ್ ಬಂತು. ಕೈ ಬಂತು. ನಡಿಗೆಯೂ ಬಂತು, ಸ್ವಲ್ಪ ಎಳೆದುಕೊಂಡು. ಆದರೆ ಎಡಗಾಲಿನಿಂದ ಏನನ್ನಾದರೂ ಜೋರಾಗಿ ತುಳಿಯಬೇಕೆಂದರೆ ಕಾಲು ಕೇಳುತ್ತಿರಲಿಲ್ಲ. ಹಳೇ ಟ್ರ್ಯಾಕ್ಟರಿನ ಕ್ಲಚ್ ಒತ್ತುವುದು ಒದ್ದು ಬಾಗಿಲು ತೆಗೆದಷ್ಟು ಕೆಲಸ. ಕ್ಲಚ್ಚೇ ಇಲ್ಲದ, ಬಲಗಾಲಲ್ಲಿ ಮೆಲ್ಲಗೆ ಒತ್ತಿದರೆ ಓಡುವ ಹೊಸ ನಮೂನೆಯ ಸಣ್ಣ ಟ್ರ್ಯಾಕ್ಟರುಗಳೂ ಇವೆ, ಆದರೆ ಅವು ಸೆಕೆಂಡ್ ಹ್ಯಾಂಡ್ ಸಿಕ್ಕರೂ ಮನೆಗೆ ಹೊಸ ಛಾವಣಿ ಹಾಕಿಸಿದಷ್ಟು ಬೆಲೆ. ಹುಲ್ಲಿಗೆ ಅಷ್ಟು ಸುರಿದರೆ ಹಸುಗಳೂ ನಗುತ್ತವೆ ಅಂತ ದೊಡ್ಡಪ್ಪ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಹಾಗಾದರೆ ಯಾರಿಗಾದರೂ ಹಣ ಕೊಟ್ಟು ಹೊಡೆಸಬಹುದಲ್ಲ? ಹೊಡೆಸಬಹುದು. ನಮ್ಮ ಕಡೆ ಅದಕ್ಕೆ ಕಂಪನಿಗಳೇ ಇವೆ. ಅವರು ಬಂದು ಹುಲ್ಲು ಹೊಡೆದು, ಹೋಗುವಾಗ ಅಂಗಳದ ಮುಂದೆ ರಸ್ತೆಗೆ ಕಾಣುವ ಹಾಗೆ ಒಂದು ಪುಟ್ಟ ಬೋರ್ಡು ನೆಟ್ಟು ಹೋಗುತ್ತಾರೆ, ಈ ಜಾಗದ ಹುಲ್ಲು ನಮ್ಮ ಜವಾಬ್ದಾರಿ ಅಂತ, ಕೆಳಗೆ ಫೋನ್ ನಂಬರು. ಇಡೀ ಕೌಂಟಿಯ ಹುಲ್ಲು ಹೊಡೆದ ಮನುಷ್ಯನ ಅಂಗಳದಲ್ಲಿ ಆ ಬೋರ್ಡು! ಜೂನ್ ಮುಗಿಯುವುದರೊಳಗೆ ಟ್ರ್ಯಾಕ್ಟರ್ ಬರದಿದ್ದರೆ ತಾನೇ ಆ ಕಂಪನಿಗೆ ಫೋನ್ ಮಾಡುವುದಾಗಿ ದೊಡ್ಡಮ್ಮ ಹೇಳಿಯಾಗಿತ್ತು. ಸೇಬಿನ ಮರದ ಬುಡದಲ್ಲಿ ಆಗಲೇ ಮುಳ್ಳುಗಿಡ ಎದ್ದಿತ್ತು. ಹಾವು ಬಂದರೂ ಕಾಣುವಂತಿರಲಿಲ್ಲ.

ನಾನು ಕಾಲೇಜಿಗೆ ರಜೆ ಬಂದು ಅವರ ಮನೆಗೆ ಹೋದ ಮಾರನೇ ಬೆಳಿಗ್ಗೆ ದೊಡ್ಡಪ್ಪನನ್ನು ಕಾಫಿಗೆ ಕರೆಯಲು ಶೆಡ್ಡಿಗೆ ಹೋದೆ. ಅವರು ಸತ್ತ ಕೆಂಪು ಟ್ರ್ಯಾಕ್ಟರಿನ ಮೇಲೆ ಕೂತಿದ್ದರು. ಎಡಗಾಲು ಕ್ಲಚ್ಚಿನ ಮೇಲೆ, ಎರಡೂ ಕೈ ಆ ಮೊಣಕಾಲಿನ ಮೇಲೆ. ಕೈಯಿಂದ ಮೊಣಕಾಲನ್ನು ಒತ್ತುತ್ತಿದ್ದರು. ಪೆಡಲು ಇಂಚಿಂಚೇ ಕೆಳಗೆ ಹೋಯಿತು, ಒಂದು ಕ್ಷಣ ನಿಂತಿತು, ಆಮೇಲೆ ಕಾಲನ್ನು ಎತ್ತಿ ಒಗೆದ ಹಾಗೆ ವಾಪಸ್ ಚಿಮ್ಮಿತು. ಅವರು ಮತ್ತೆ ಒತ್ತಿದರು. ನಾನು ಸದ್ದಿಲ್ಲದೆ ಅಡುಗೆಮನೆಗೆ ವಾಪಸ್ ಬಂದುಬಿಟ್ಟೆ.

ದೊಡ್ಡಮ್ಮ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದರು: "ನೋಡಿದ್ಯಾ? ನೋಡ್ದೆ ಅಂತ ಅವನಿಗೆ ಗೊತ್ತಾಗ್ಬಾರ್ದು, ಆಯ್ತಾ? ದಿನಾ ಮಾಡ್ತಾನೆ."

ಟ್ರ್ಯಾಕ್ಟರ್ ನೋಡಲು ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆಯೇ. ದೊಡ್ಡಮ್ಮ ಕಾರು ಓಡಿಸುವುದು, ದೊಡ್ಡಪ್ಪ ಪಕ್ಕದಲ್ಲಿ ಒಗೆದ ಶರ್ಟು ಹಾಕಿಕೊಂಡು ಕೂರುವುದು, ನಾನು ಹಿಂದೆ. ಅಲ್ಲಿಗೆ ಹೋದರೆ ಮೊದಲು ಹವಾಮಾನದ ಮಾತು, ಆಮೇಲೆ ಜೋಳದ ಬೆಳೆಯ ಮಾತು, ಆಮೇಲೆ ಯಾರೋ ಸತ್ತವರ ಮಾತು, ಕೊನೆಗೆ ಏನೋ ಈಗ ನೆನಪಾಯಿತು ಅನ್ನುವ ಹಾಗೆ ಶೆಡ್ಡಿನ ಕಡೆ ನಡೆಯುವುದು. ಗಾಡಿ ಶುರು ಮಾಡುತ್ತಾರೆ. ಆಮೇಲೆ ಮಾರುವವನು ಒಂದು ಮಾತು ಹೇಳಲೇಬೇಕು: ಹತ್ತಿ, ಒಂದು ಸುತ್ತು ಹಾಕಿ. ಕೊಳ್ಳುವವನು ಹತ್ತಲೇಬೇಕು. ಹತ್ತದೆ ಕೊಂಡವನನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ದೊಡ್ಡಪ್ಪ ಆ ಮಾತು ಬರುವ ಮುಂಚೆಯೇ ತಪ್ಪು ಹುಡುಕಿಬಿಡುತ್ತಿದ್ದರು. ಮೊದಲನೆಯದು ಬೂದು ಬಣ್ಣದ ಚಿಕ್ಕ ಗಾಡಿ, ಐದು ಎಕರೆಗೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಅದರ ಟಯರು ಬಿರಿಯುತ್ತೆ ಅಂದರು. ಟಯರಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಮಾರುತ್ತಿದ್ದ ಮುದುಕ ಆ ಚೀಟಿಯ ಮೇಲೆ ಮೆಲ್ಲಗೆ ಕೈ ಇಟ್ಟು ಮುಚ್ಚಿ, ಇರಬಹುದು, ಈಗಿನ ರಬ್ಬರು ನಂಬೋ ಹಾಗಿಲ್ಲ ಅಂದ. ಎರಡನೆಯದರ ಸೀಟು ದಕ್ಷಿಣಕ್ಕೆ ವಾಲಿದೆ ಅಂದರು. ಇನ್ನೊಂದು ಕಡೆ ಮಾರುವವನು ಬಾಯಿ ತಪ್ಪಿ "ಹತ್ತಿ ನೋಡಿ" ಅಂದೇಬಿಟ್ಟ. ದೊಡ್ಡಪ್ಪ ಕಣ್ಣು ಮಿಟುಕಿಸದೆ, ಮೊದಲು ನೊರೀನ್ ಓಡಿಸಲಿ, ನಾನು ದೂರದಿಂದ ಶಬ್ದ ಕೇಳಬೇಕು ಅಂದರು. ದೊಡ್ಡಮ್ಮ ಹೂವಿನ ಸ್ಕರ್ಟು ಮೊಣಕಾಲಿಗೆ ಸಿಕ್ಕಿಸಿಕೊಂಡು ಹತ್ತಿ ಎಂಥಾ ಸುತ್ತು ಹಾಕಿದರು ಅಂದರೆ ನಾನು ಚಪ್ಪಾಳೆ ತಟ್ಟಿದೆ! ದೊಡ್ಡಪ್ಪ ಗಂಭೀರವಾಗಿ, ಹಗುರದವರು ಕೂತರೆ ಎಂಜಿನ್ ಸುಳ್ಳು ಹೇಳುತ್ತೆ ಅಂದರು.

ಆಮೇಲೆ ಬಂದದ್ದೇ ವಾಸನೆಯ ಗಾಡಿ. ಅಲ್ಲಿಂದ ವಾಪಸ್ ಬರುವಾಗ ಕಾರಿನಿಂದ ನೋಡಿದರೆ, ರಸ್ತೆ ಬದಿಯ ಹುಲ್ಲನ್ನು ಯಾರೋ ಹೊಸಬ ಹೊಡೆದಿದ್ದ, ಮೆಟ್ಟಿಲು ಮೆಟ್ಟಿಲಾಗಿ. ದೊಡ್ಡಪ್ಪ ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದರು.

ಜೂನ್ ಕೊನೆಯ ಶನಿವಾರ ಅಗ್ನಿಶಾಮಕ ಠಾಣೆಯಲ್ಲಿ ಊರಿನ ಪ್ಯಾನ್‌ಕೇಕ್ ತಿಂಡಿ. ಎಲ್ಲರೂ ಬರುತ್ತಾರೆ. ಗೇಲ್ ವೈಡ್ನರ್ ಕೂಡ ಬಂದಿದ್ದ. ಗೇಲ್ ದೊಡ್ಡಪ್ಪನ ಸ್ಕೂಲಿನ ಗೆಳೆಯ, ಮತ್ತು ಹುಟ್ಟಾ ವೈರಿ, ಯಾಕೆಂದರೆ ರಪ್ ಮನೆತನ ಕೆಂಪು, ವೈಡ್ನರ್ ಮನೆತನ ಹಸಿರು. ನಮ್ಮ ಕಡೆ ಟ್ರ್ಯಾಕ್ಟರಿನ ಬಣ್ಣ ಅಂದರೆ ಅದರ ಕಂಪನಿ, ಕಂಪನಿ ಅಂದರೆ ಜಾತಿ ಇದ್ದ ಹಾಗೆ, ಅಪ್ಪನಿಂದ ಮಗನಿಗೆ ಬರುತ್ತದೆ. ದೊಡ್ಡಪ್ಪನ ಅಪ್ಪ ಬದುಕಿರುವ ತನಕ ಹಸಿರು ಗಾಡಿ ಅವರ ಮೋರಿ ದಾಟಿ ಅಂಗಳಕ್ಕೆ ಬಂದದ್ದಿಲ್ಲ. ದೊಡ್ಡಮ್ಮ ಮದುವೆಯಾದ ಹೊಸದರಲ್ಲಿ ಅಡುಗೆಮನೆಗೆ ಹಸಿರು ಪರದೆ ಹಾಕಿದ್ದಕ್ಕೆ ಆ ಮಾವ ಪರದೆಗೆ ಬೆನ್ನು ಹಾಕಿ ಕೂತು ಉಂಡರಂತೆ, ಪರದೆ ಹರಿಯುವ ತನಕ.

ಗೇಲ್ ತಟ್ಟೆ ಹಿಡಿದುಕೊಂಡು ನಮ್ಮೆದುರು ಬಂದು ಕೂತ. "ಏನಪ್ಪಾ ಡೆಲ್, ಊರೂರು ಸುತ್ತಿ ಟ್ರ್ಯಾಕ್ಟರ್ ಮೂಸ್ತಿದೀಯಂತೆ?"

"ಮೂಗಿರೋರು ಮೂಸ್ತಾರೆ."

"ನನ್ ಶೆಡ್ಡಲ್ಲಿ ಒಂದಿದೆ. ನೀನು ಇನ್ನೂ ಬೈದಿಲ್ಲ ಅಂತ ಬೇಜಾರ್ ಮಾಡ್ಕೊಂಡಿದೆ."

"ಹಸಿರಾ?"

"ಇಲ್ಲ, ನಿನಗೋಸ್ಕರ ಗುಲಾಬಿ ಬಣ್ಣ ಬಳಿಸಿದೀನಿ."

ಮೇಜಿನವರೆಲ್ಲ ನಕ್ಕರು. ದೊಡ್ಡಪ್ಪನೂ ನಕ್ಕರು. ಗೇಲ್ ಮಾತ್ರ ಪ್ಯಾನ್‌ಕೇಕಿನ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಸಿರಪ್ ಸುರಿಯುತ್ತಾ, ಮಧ್ಯಾಹ್ನ ಬಾ ಅಂದ, ತಟ್ಟೆ ನೋಡಿಕೊಂಡೇ.

ಮಧ್ಯಾಹ್ನ ಗೇಲ್‌ನ ಅಂಗಳದಲ್ಲಿ ಕಾರು ನಿಂತ ಮೇಲೂ ದೊಡ್ಡಪ್ಪ ಇಳಿಯಲಿಲ್ಲ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ ಅಂತ ಗೊಣಗಿದರು. ದೊಡ್ಡಮ್ಮ ಕೀಲಿ ಕಿತ್ತು ಚೀಲಕ್ಕೆ ಹಾಕಿಕೊಂಡು, "ನಿಮ್ಮಪ್ಪ ಬಂದು ಹುಲ್ಲು ಹೊಡೀತಾರಾ? ಇಳಿ" ಅಂದರು.

ಗೇಲ್ ಶೆಡ್ಡಿನ ಬಾಗಿಲು ಎಳೆದ. ಎತ್ತರದ ಗಾಡಿ, ಮುಂದಿನ ಎರಡು ಚಕ್ರ ಒಂದಕ್ಕೊಂದು ಅಂಟಿಕೊಂಡ ಹಾಗೆ, ಹಸಿರು ಬಣ್ಣ ಮಾಸಿ ಹೆಚ್ಚುಕಮ್ಮಿ ಸೀಮೆಸುಣ್ಣ. ಎರಡೇ ಸಿಲಿಂಡರು. ಶುರುವಾದಾಗ ಟಪ್ ಅಂತು, ಯೋಚನೆ ಮಾಡಿತು, ಮತ್ತೆ ಟಪ್ ಅಂತು. ಆಹಾ, ಆ ಶಬ್ದ! ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ.

ಗೇಲ್ ತಾನೇ ಹತ್ತಿ ಹೊರಗೆ ತಂದ. ತಂದವನು ನಿಲ್ಲಿಸಲಿಲ್ಲ, ನಮ್ಮ ಮುಂದೆ ಒಂದು ಸುತ್ತು ಹಾಕಿದ, ಇನ್ನೊಂದು ಹಾಕಿದ, ಬೇಕೆಂದೇ ನಿಧಾನವಾಗಿ. ಎರಡೂ ಬೂಟು ಕಾಲಿಡುವ ಹಲಗೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದ. ಬಲಗೈ ಪಕ್ಕ ಒಂದು ಉದ್ದದ ಲಿವರು, ಸನ್ನೆಗೋಲು, ಇತ್ತು. ಮುಂದಕ್ಕೆ ತಳ್ಳಿದರೆ ಗಾಡಿ ಹೊರಡುತ್ತಿತ್ತು, ಹಿಂದಕ್ಕೆ ಎಳೆದರೆ ನಿಲ್ಲುತ್ತಿತ್ತು. ಕ್ಲಚ್ ಕೈಯಲ್ಲಿತ್ತು! ಗೇಲ್‌ನ ಅಪ್ಪನ ಕಾಲದ ಹಸಿರು ಗಾಡಿಗಳೇ ಹಾಗಂತೆ, ಇದು ಹಸಿರು ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕೆಂಪು ಮನೆಯಲ್ಲಿ ಹುಟ್ಟಿದ ದೊಡ್ಡಪ್ಪ ಜೀವಮಾನದಲ್ಲಿ ಒಂದು ಸಲವೂ ಅದರ ಮೇಲೆ ಕೂತಿರಲಿಲ್ಲ, ಕೂತವರ ಮಾತು ಕಿವಿಗೆ ಹಾಕಿಕೊಂಡಿರಲಿಲ್ಲ. ಅವರು ಗೇಲ್‌ನ ಮುಖ ನೋಡುತ್ತಿರಲಿಲ್ಲ. ಅವನ ಬೂಟು ನೋಡುತ್ತಿದ್ದರು.

ಗೇಲ್ ಇಳಿದ. "ಹತ್ತು ನೋಡೋಣ. ಕೆಂಪು ಜನದ ಕೈಲಿ ಆಗಲ್ಲ, ಆದ್ರೂ ನೋಡೋಣ."

ಮೊದಲ ಸಲ ದೊಡ್ಡಪ್ಪ ಏನೂ ತಪ್ಪು ಹೇಳಲಿಲ್ಲ. ಹಿಂದಿನಿಂದ ಬಲಗಾಲು ಮೊದಲು ಇಟ್ಟು, ಕೈಯಲ್ಲಿ ಮೈ ಎಳೆದುಕೊಂಡು ಹತ್ತಿದರು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಿದ್ದು ಇನ್ನೂ ನೆನಪಿದೆ, ನನ್ನ ಬಳೆ ಒತ್ತಿ ಗುರುತಾಗಿತ್ತು. ಸನ್ನೆ ಮುಂದೆ ತಳ್ಳಿದರು. ಗಾಡಿ ಒಮ್ಮೆ ಕುಪ್ಪಳಿಸಿ ಹೊರಟಿತು, ಅಂಗಳ ದಾಟಿತು, ಚೆನ್ನಾಗಿ ತಿರುಗಿತು, ಎಲ್ಲ ಎಷ್ಟು ಸಲೀಸು! ನಿಲ್ಲಿಸುವ ಹೊತ್ತು ಬಂತು ನೋಡಿ. ಇಷ್ಟು ವರ್ಷದ ಅಭ್ಯಾಸ, ತಲೆಗಿಂತ ಮೊದಲು ಕಾಲು ಹೊರಟಿತು. ಎಡಗಾಲು ಕ್ಲಚ್ ಹುಡುಕಿಕೊಂಡು ಹೋಯಿತು. ಅಲ್ಲಿ ಇದ್ದದ್ದು ಎಡ ಚಕ್ರದ ಬ್ರೇಕು. ಕಾಲಿಗೆ ಶಕ್ತಿ ಸಾಲದೆ, ಸ್ಟಿಯರಿಂಗ್ ಬಿಟ್ಟು, ಸನ್ನೆ ಬಿಟ್ಟು, ಎರಡೂ ಕೈಯಿಂದ ಮೊಣಕಾಲನ್ನು ಹಿಡಿದು ಒತ್ತಿಬಿಟ್ಟರು, ಶೆಡ್ಡಿನಲ್ಲಿ ದಿನಾ ಒತ್ತುತ್ತಿದ್ದ ಹಾಗೆಯೇ. ಒಂದು ಚಕ್ರ ಹಿಡಿದುಕೊಂಡಿತು, ಇನ್ನೊಂದು ಓಡಿತು, ಗಾಡಿ ಗಿರ್ರನೆ ಎಡಕ್ಕೆ ತಿರುಗಿ ಗೇಲ್‌ನ ಹೆಂಡತಿಯ ಹೂವಿನ ಪಾತಿಯೊಳಗೆ ನುಗ್ಗಿತು. ಟಪ್, ಟಪ್, ಟಪ್ ಅಂತ ಆರಾಮವಾಗಿ ಗಿಡಗಳನ್ನೆಲ್ಲ ಮಲಗಿಸುತ್ತಾ ಹೋಗಿ ಹುಲ್ಲಿನ ಪೆಂಡಿಗಳಿಗೆ ಮುಖ ಕೊಟ್ಟು ನಿಂತಿತು. ಆಗ ಅವರಿಗೆ ಸನ್ನೆ ನೆನಪಾಗಿ ಹಿಂದಕ್ಕೆ ಎಳೆದರು.

ಯಾರೂ ನಗಲಿಲ್ಲ. ದೊಡ್ಡಪ್ಪನ ಎಡಗೈ ಇನ್ನೂ ಮೊಣಕಾಲಿನ ಮೇಲೇ ಇತ್ತು. ಅವರು ಅದನ್ನು ತೆಗೆಯಲು ಹೋದರು, ಆಮೇಲೆ ತೆಗೆಯಲಿಲ್ಲ.

"ಈ ಕಾಲು ಹೋಗಿದೆ ಗೇಲ್," ಅಂದರು. "ಜನವರಿಯಿಂದ. ಕ್ಲಚ್ ಒತ್ತೋಕಾಗಲ್ಲ."

ಗೇಲ್ ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ. "ಆ ಕಾಲಿಗೆ ಇದರಲ್ಲಿ ಕೆಲ್ಸ ಇಲ್ಲ ಅಂತ ತೋರಿಸೋಕೇ ಎರಡು ಸುತ್ತು ಹಾಕಿದ್ನಲ್ಲೋ ಮಾರಾಯ. ನೀನು ಅದಕ್ಕೇ ಕೆಲ್ಸ ಕೊಟ್ಟೆ."

"ನಿಂಗೆ ಗೊತ್ತಿತ್ತಾ?"

"ಟಯರು ಬಿರಿಯುತ್ತೆ ಅಂದ್ಯಲ್ಲ, ಆ ಮುದುಕನಿಗೂ ಗೊತ್ತು. ವಾಸನೆ ಗಾಡಿಯವಳು ಮರುದಿನಾನೇ ನಂಗೆ ಫೋನ್ ಮಾಡಿದ್ಲು."

ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮ ಭುಜ ಕುಣಿಸಿದರು. ದೊಡ್ಡಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಅದೆಲ್ಲಿಂದಲೋ ಒಂದು ನಗು ಬಂತು, ಸೀಟಿನ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀಟು ದಕ್ಷಿಣಕ್ಕೆ ವಾಲಿದೆ ಅಂದಾಗ ಆ ಮನುಷ್ಯ ಪಾಪ ಬಗ್ಗಿ ನೋಡಿ ಹೌದು ಅಂದಿದ್ದನಲ್ಲ ಅಂತ ಹೇಳಿ ಮತ್ತೆ ನಕ್ಕರು. ನಾವೂ ಆಗ ನಕ್ಕೆವು. ಹೂವಿನ ಪಾತಿಯ ಯಜಮಾನಿ ಬಾಗಿಲಲ್ಲಿ ಬಂದು ನಿಂತು, ನೋಡಿ, ಏನೂ ಹೇಳದೆ ಒಳಗೆ ಹೋದಳು. ಗೇಲ್ ಮಾತ್ರ ಅದಕ್ಕೆ ಹೆದರಿದ.

ಎರಡನೇ ಸುತ್ತಿಗೆ ದೊಡ್ಡಪ್ಪ ಎಡಗಾಲನ್ನು ಕೈಯಲ್ಲಿ ಎತ್ತಿ ಬ್ರೇಕಿನಿಂದ ದೂರ, ಮುಂದಕ್ಕೆ ಚಾಚಿ ಇಟ್ಟರು. ಎಲ್ಲರೆದುರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡ ಹಾಗೆ. ಹೊರಟರು, ತಿರುಗಿದರು, ಸನ್ನೆ ಎಳೆದು ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ ನಿಲ್ಲಿಸಿದರು. ಮತ್ತೆ ಹೊರಟರು. ಐದಾರು ಸಲ ನಿಲ್ಲಿಸಿ ಹೊರಡಿಸಿದ ಮೇಲೆ ಇಳಿದು, ಕೈ ಒರೆಸಿಕೊಂಡು, ಗಾಡಿಯ ಸುತ್ತ ನಡೆಯಲು ಶುರು ಮಾಡಿದರು.

ಎಡಗಡೆ ಸಿಲಿಂಡರು ಸೋಮಾರಿ, ತಣ್ಣಗಿದ್ದಾಗ ಹೊಗೆ ಬಿಡುತ್ತೆ. ಸ್ಟಿಯರಿಂಗ್ ಕಾಲು ಸುತ್ತು ಸಡಿಲ. ಹಿಂದೆ ಹುಲ್ಲು ಕತ್ತರಿಸುವ ಮೋವರಿಗೆ ಶಕ್ತಿ ಕೊಡುವ ದಂಡದ ಹತ್ತಿರ ಎಣ್ಣೆ ಜಿನುಗುತ್ತಿದೆ, ಸೀಲು ಬದಲಾಯಿಸಬೇಕು. ಬಲಗಡೆ ಮಡ್‌ಗಾರ್ಡಿಗೆ ಇರುವ ಬೋಲ್ಟು ಬೇರೆ ಗಾಡಿಯದ್ದು. ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತಾ ಹೋದರು. ಗೇಲ್ ಒಂದನ್ನೂ ಅಲ್ಲಗಳೆಯಲಿಲ್ಲ, ಅಲ್ಲಗಳೆಯುವ ಹಾಗಿರಲಿಲ್ಲ.

ದೊಡ್ಡಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನಿಜವಾದ ತಪ್ಪು ಹೇಳ್ತಿದಾನೆ. ಇದನ್ನ ಬಿಡಲ್ಲ ಬಿಡು."

ಬೆಲೆ ಕೇಳಿದಾಗ ಗೇಲ್ ಮೂರು ಸಾವಿರ ಡಾಲರ್ ಅಂದ. ಅದರರ್ಧಕ್ಕೂ ಅದನ್ನು ಯಾರೂ ಕೇಳುವುದಿಲ್ಲ ಅಂತ ನನಗೇ ಗೊತ್ತಿತ್ತು. ಆದರೆ ದೊಡ್ಡಪ್ಪನ ಬೆನ್ನು ನೆಟ್ಟಗಾದದ್ದು ನೋಡಬೇಕಿತ್ತು! ಹುಡುಗಾಟವಾ, ಇದಕ್ಕಿಂತ ಗಟ್ಟಿ ಕಬ್ಬಿಣ ಗುಜರಿಯಲ್ಲಿದೆ ಅಂದರು. ಗೇಲ್ ಅವರ ಕೆಂಪು ಗಾಡಿಯ ಸಾವಿನ ಬಗ್ಗೆ ಒಂದು ಮಾತು ತೆಗೆದ. ದೊಡ್ಡಪ್ಪ ಗೇಲ್‌ನ ಅಪ್ಪ ಇದೇ ಗಾಡಿಯನ್ನು ಕೆರೆಗೆ ಇಳಿಸಿದ ಕಥೆ ತೆಗೆದರು. ಅರ್ಧ ಮಧ್ಯಾಹ್ನ ನಡೆಯಿತು ಅದು. ದೊಡ್ಡಮ್ಮ ಮತ್ತು ಗೇಲ್‌ನ ಹೆಂಡತಿ ಅಷ್ಟರಲ್ಲಿ ಬಿದ್ದ ಹೂವನ್ನೆಲ್ಲ ಆರಿಸಿ ಬಕೆಟ್ಟಿಗೆ ಹಾಕಿ, ಚರ್ಚಿಗೆ ಕೊಡುವುದು ಅಂತ ತೀರ್ಮಾನಿಸಿದ್ದರು. ಕೊನೆಗೆ ಸಾವಿರದ ಮುನ್ನೂರಕ್ಕೆ ಇಳಿದು ಕೈ ಕುಲುಕಿದರು. ಇಬ್ಬರ ಮುಖದಲ್ಲೂ ತಾನೇ ಗೆದ್ದೆ ಅನ್ನುವ ಕಳೆ. ಗೇಲ್ ಕಡಿಮೆ ಬೆಲೆಯಿಂದಲೇ ಶುರು ಮಾಡಿದ್ದರೆ ಇದು ಕನಿಕರ ಅಂತ ದೊಡ್ಡಪ್ಪ ಕಾರು ಹತ್ತಿ ಹೋಗುತ್ತಿದ್ದರು. ಅದು ಗೇಲ್‌ಗೆ ಗೊತ್ತಿತ್ತು, ನನಗೆ ಗೊತ್ತಾಗಲು ಮನೆ ತಲುಪುವ ತನಕ ಬೇಕಾಯಿತು.

ಸೀಲು ಬದಲಾಯಿಸಿ, ಹಿಂದೆ ಕಟ್ಟಿ ಎಳೆಯುವ ಮೋವರನ್ನು ಸಿಕ್ಕಿಸಿ, ಸೋಮವಾರ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ದೊಡ್ಡಪ್ಪ ಹೊರಟರು. ಐದು ಎಕರೆ ಹುಲ್ಲು ಸೊಂಟಕ್ಕೆ ಬಂದಿತ್ತು. ನಿಧಾನದ ಗೇರು. ಎಡಗಾಲು ಚಾಚಿಕೊಂಡು, ಬಲಗೈ ಸನ್ನೆಯ ಮೇಲೆ, ಆರಾಮಕುರ್ಚಿಯಲ್ಲಿ ಕೂತವರ ಹಾಗೆ ಸೇಬಿನ ಮರಗಳ ನಡುವೆ ನುಸುಳಿ ಹೋದರು. ಹಿಂದೆ ಒಂದೊಂದೇ ಪಟ್ಟೆ ಮಲಗುತ್ತಾ ಬಂತು, ಬಾಚಿದ ತಲೆಯ ಹಾಗೆ ನೇರ. ಕತ್ತರಿಸಿದ ಹುಲ್ಲಿನ ವಾಸನೆ ಅಡುಗೆಮನೆಗೂ ಬಂತು. ಎರಡು ಸಲ ಎಡಗಾಲು ಮತ್ತೆ ಪೆಡಲಿನ ಕಡೆ ಹೊರಟಿತು, ನಾನು ಕಿಟಕಿಯಿಂದ ನೋಡಿದೆ. ಎರಡು ಸಲವೂ ಅವರು ಅದನ್ನು ಪ್ಯಾಂಟು ಹಿಡಿದು ಎತ್ತಿ ವಾಪಸ್ ಇಟ್ಟರು, ಮರೆಮಾಚದೆ. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಪಿಕಪ್ ನಿಧಾನ ಮಾಡಿ ಹಾರ್ನ್ ಹೊಡೆಯಿತು, ಇವರು ಟೋಪಿ ಎತ್ತಿದರು.

ಊಟಕ್ಕೆ ಬಂದಾಗ ಕತ್ತಿನ ತನಕ ಹುಲ್ಲಿನ ಪುಡಿ. ದೊಡ್ಡಮ್ಮ ಆಲೂಗಡ್ಡೆಯ ಮೇಲೆ ಕೋಳಿ ನೂಡಲ್ಸ್ ಸುರಿದು ತಟ್ಟೆ ಮುಂದಿಟ್ಟರು. ದೊಡ್ಡಪ್ಪ ಬಲಭುಜ ನೀವಿಕೊಳ್ಳುತ್ತಾ ಕೂತರು.

"ಕೈ ನೋಯ್ತಿದೆ," ಅಂದರು. "ಎಲ್ಲಾ ಕೆಲ್ಸ ಈ ಕೈಯೇ ಮಾಡ್ಬೇಕು. ಎಡಗಾಲು ಕೌಂಟಿ ಸೂಪರ್‌ವೈಸರ್ ಥರ ಚಾಚ್ಕೊಂಡು ನೋಡ್ತಾ ಕೂತಿರುತ್ತೆ."

"ಸಂಬಳ ಕಟ್ ಮಾಡು," ಅಂದರು ದೊಡ್ಡಮ್ಮ.

"ಯೂನಿಯನ್ ಬಿಡಲ್ಲ," ಅಂದು ದೊಡ್ಡಪ್ಪ ಇನ್ನೊಂದಿಷ್ಟು ನೂಡಲ್ಸ್ ಹಾಕಿಸಿಕೊಂಡರು, ಮಳೆ ಬರುವ ಮುಂಚೆ ಹಳ್ಳದ ಕಡೆಯದನ್ನು ಮುಗಿಸಬೇಕು ಅಂತ.